ಹಾಲಿನ ಡಬ್ಬಿಗೆ ಕಟ್ಟಿದ ದಾರ

ನನ್ನ ಮಗಳು ದಾನುಗೆ ಈಗ ಮೂರು ವರ್ಷ. ಮಹಾ ಬಾಯಿಬಡಕಿ. ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮದೊಂದು ಖಾನಾವಳಿ ಇದೆ. ಅದರ ಕಟ್ಟೆಯ ಮೇಲೆ ಕೂತು ಊಟಕ್ಕೆ ಬಂದವರಿಗೆಲ್ಲ ರೊಟ್ಟಿ ಎಷ್ಟು ಬೇಕು ಎಂದು ಇವಳೇ ವಿಚಾರಿಸುತ್ತಾಳೆ. ಮಾತು ಇನ್ನೂ ಸ್ವಲ್ಪ ಮೂಗಿನಿಂದ ಬರುತ್ತದೆ. ಮೇಲ್ದುಟಿಯ ಎಡಕ್ಕೆ ಒಂದು ತೆಳು ಗೆರೆ ಇದೆ. ಹತ್ತಿರ ಬಂದು ನೋಡಿದವರಿಗಷ್ಟೇ ಕಾಣುತ್ತದೆ. ಆ ಗೆರೆಯ ಕಥೆಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಯಾರಿಗಾಗಿ ಎಂದರೆ, ಸೀಳುತುಟಿಯ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಹಿಂಡಿದ ಹಾಲನ್ನು ಎಲ್ಲಿಡಬೇಕು, ಎಷ್ಟು ಹೊತ್ತು ಇಡಬೇಕು ಎಂದು ತಿಳಿಯದೆ ಅಳುತ್ತ ಕೂತಿರುವ ತಾಯಿಗೆ. ನಾನು ಡಾಕ್ಟರ್ ಅಲ್ಲ, ಹರಪನಹಳ್ಳಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುವವಳು. ಹೆಸರು ಶಿಲ್ಪಾ. ಸ್ವಲ್ಪ ಸಿಡುಕಿ. ಈ ಕಥೆಯಲ್ಲಿ ಆ ಸಿಡುಕು ಬರುತ್ತದೆ, ಮುಚ್ಚಿಡುವುದಿಲ್ಲ.

ದಾನು ಹುಟ್ಟಿದಾಗ ಹೆರಿಗೆ ಕೋಣೆಯಲ್ಲಿ ಯಾರೂ ಗಂಡೋ ಹೆಣ್ಣೋ ಎಂದು ಹೇಳಲಿಲ್ಲ. ಕೂಸು ಅತ್ತದ್ದು ಕೇಳಿತು, ಆದರೂ ನರ್ಸ್ ಬೆನ್ನು ತಿರುಗಿಸಿಕೊಂಡೇ ನಿಂತಿದ್ದರು. ನಾನು ಮೂರು ಸಲ ಕೇಳಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು, "ಹೆಣ್ಣಮ್ಮ, ಆರೋಗ್ಯ ಐತಿ, ತುಟಿ ಮಾತ್ರ ಸ್ವಲ್ಪ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಮೇಲ್ದುಟಿ ಮೂಗಿನ ಹೊಳ್ಳೆಯವರೆಗೆ ಬಿರಿದಿತ್ತು. ಬಾಯೊಳಗೆ ಅಂಗುಳವೂ ಸೀಳಿತ್ತು, ಅದು ನನಗೆ ಆಮೇಲೆ ತಿಳಿಯಿತು. ನನಗೆ ಮೊದಲು ಬಂದದ್ದು ಪ್ರೀತಿಯಲ್ಲ, ಭಯ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೆ ಅನಿಸಿದ ತಾಯಿ ನೀವೊಬ್ಬರೇ ಅಲ್ಲ ಎಂದು ಗೊತ್ತಾಗಲಿ ಅಂತ ಬರೆದಿದ್ದೇನೆ.

ನನಗೆ ತಾಯಿ ಇಲ್ಲ. ಹಡಗಲಿಯ ತವರಿನಲ್ಲಿ ಇರುವುದು ಹೂವಿನ ವ್ಯಾಪಾರ ಮಾಡುವ ಅಣ್ಣ ಒಬ್ಬನೇ. ಹಾಗಾಗಿ ಚೊಚ್ಚಲ ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ನಮ್ಮತ್ತೆ ನಾಗಮ್ಮ. ಮಾವ ತೀರಿಕೊಂಡ ಮೇಲೆ ಖಾನಾವಳಿಯನ್ನು ಕೈಗೆ ತೆಗೆದುಕೊಂಡು, ಮಗನನ್ನು ಬೆಳೆಸಿ, ಈಗ ಆ ಮಗನ ಜೊತೆ ಅದನ್ನು ನಡೆಸುವವರು. ಮಾತು ಕಡಿಮೆ, ಅಪ್ಪಣೆ ಜಾಸ್ತಿ. ಅತ್ತೆಗೆ ನಾನು ಹೆದರುತ್ತಿದ್ದೆ ಎಂದಲ್ಲ, ಅವರೊಡನೆ ಮಾತು ಬೆಳೆಸುತ್ತಿರಲಿಲ್ಲ, ಅಷ್ಟೇ.

ಕೂಸನ್ನು ನೋಡಲು ಬಂದ ಓಣಿಯ ಹೆಂಗಸರು ಗ್ರಹಣದ ದಿನ ನಾನೇನಾದರೂ ಹೆಚ್ಚಿದ್ದೆನೇ, ಕೊಯ್ದಿದ್ದೆನೇ ಎಂದು ಕೇಳಿದರು. ಹೆಣ್ಣು ಬೇರೆ, ಮುಂದೆ ಹೇಗೆ ಎಂದು ನನ್ನ ಎದುರಿಗೇ ನಿಟ್ಟುಸಿರು ಬಿಟ್ಟರು. ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ. ಅತ್ತೆ ಬಂದವರಿಗೆ ಚಹಾ ಕೊಡುತ್ತ ಒಂದೇ ಮಾತು ಹೇಳಿದರು.

"ದೇವ್ರು ಅರ್ಧ ಹೊಲದು ಉಳಿದಿದ್ದು ಡಾಕ್ಟರಿಗೆ ಬಿಟ್ಟಾನ. ಚಾ ಕುಡ್ದು ಹೊರಡ್ರಿ, ಬಾಣಂತಿ ಮಲಗ್ಬೇಕು."

ಆಮೇಲೆ ಯಾರೂ ಗ್ರಹಣದ ಮಾತೆತ್ತಲಿಲ್ಲ.

ತೊಂದರೆ ಇದ್ದದ್ದು ಹಾಲಿನದು. ನನಗೆ ಹಾಲು ಸಾಕಷ್ಟಿತ್ತು, ಎದೆ ಕಲ್ಲಾಗುವಷ್ಟಿತ್ತು. ಕೂಸಿಗೆ ಚೀಪಲು ಬರುತ್ತಿರಲಿಲ್ಲ. ಅಂಗುಳ ಸೀಳಿದ್ದರೆ ಬಾಯಲ್ಲಿ ಬಿಗಿ ಹಿಡಿತ ಬರುವುದಿಲ್ಲವಂತೆ. ಎದೆಗೆ ಹಚ್ಚಿದರೆ ಹುಡುಕುತ್ತಿತ್ತು, ಒದ್ದಾಡುತ್ತಿತ್ತು, ಸುಸ್ತಾಗಿ ಮಲಗಿಬಿಡುತ್ತಿತ್ತು. ಅತ್ತೆ ಹಳೆಯ ಪೆಟ್ಟಿಗೆಯಿಂದ ನನ್ನ ಗಂಡನಿಗೆ ಹಾಲು ಹಾಕುತ್ತಿದ್ದ ಒಳಲೆಯನ್ನು ತೆಗೆದರು. ಉದ್ದ ಮೂತಿಯ ಪುಟ್ಟ ಬಟ್ಟಲು. ಅದರಿಂದ ಹಾಕಿದರೂ ಅರ್ಧ ಮೂಗಿನಿಂದ, ಅರ್ಧ ತುಟಿಯ ಸೀಳಿನಿಂದ ಹೊರಗೆ ಬರುತ್ತಿತ್ತು. ಗದ್ದದ ಕೆಳಗೆ ಅತ್ತೆ ತಮ್ಮ ಹಳೇ ಸೀರೆಯ ತುಂಡೊಂದನ್ನು ಹಿಡಿಯುತ್ತಿದ್ದರು. ಪ್ರತಿ ಸಲ ಹಾಲು ಹಾಕಿದ ಮೇಲೆ ಆ ಬಟ್ಟೆಯನ್ನು ಮುಟ್ಟಿ ನೋಡುತ್ತಿದ್ದರು. ಬಟ್ಟೆ ಎಷ್ಟು ತೊಯ್ದಿದೆಯೋ ಅಷ್ಟು ಕೂಸಿನ ಹೊಟ್ಟೆಗೆ ಹೋಗಿಲ್ಲ ಎಂಬ ಲೆಕ್ಕ ನಮ್ಮಿಬ್ಬರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹುಟ್ಟಿದಾಗ ಎರಡು ಕಿಲೋ ಆರುನೂರು ಇದ್ದವಳು ಹದಿನೈದು ದಿನಕ್ಕೆ ಎರಡು ಕಿಲೋ ನಾನೂರಾದಳು. ಕೊಟ್ಟೂರಿನ ಡಾಕ್ಟರು ತಡಮಾಡದೆ ದಾವಣಗೆರೆಗೆ ಹೋಗಿ ಎಂದರು. ಇಂಥ ಮಕ್ಕಳಿಗೆ ಆಪರೇಷನ್ ಮಾಡುವ ಆಸ್ಪತ್ರೆಯ ವಿಳಾಸ ಬರೆದುಕೊಟ್ಟರು.

ಆ ಆಸ್ಪತ್ರೆಯ ಕಾಯುವ ಕೋಣೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬಸ್ಸಿನಲ್ಲಿ ಬರುವಾಗ ಕೂಸಿನ ಮುಖಕ್ಕೆ ಸೆರಗು ಮುಚ್ಚಿಕೊಂಡೇ ಬಂದಿದ್ದೆ. ಒಳಗೆ ಹೋಗಿ ನೋಡಿದರೆ ಹತ್ತು ಹನ್ನೆರಡು ತಾಯಂದಿರು ಕೂತಿದ್ದರು, ಎಲ್ಲರ ಮಡಿಲಲ್ಲೂ ಇಂಥದೇ ಕೂಸು. ಒಬ್ಬಳು ತುಟಿ ಹೊಲಿಸಿಕೊಂಡ ಎರಡು ವರ್ಷದ ಮಗನಿಗೆ ಬಿಸ್ಕೆಟ್ ತಿನ್ನಿಸುತ್ತಿದ್ದಳು. ಅವಳು ನನ್ನ ಕಡೆ ನೋಡಿ, "ಸೆರಗು ತಗೀರಿ ಅಕ್ಕಾರ, ಕೂಸಿಗೆ ಸೆಕಿ ಆಗ್ತೈತಿ" ಎಂದಳು. ನಾನು ತೆಗೆದೆ. ಹೆರಿಗೆಯಾದ ಮೇಲೆ ಮೊದಲ ಸಲ ನನಗೆ ಉಸಿರಾಡಲು ಬಂತು.

ಡಾಕ್ಟರು ಕೂಸನ್ನು ನೋಡಿ ಹೆದರುವಂಥದ್ದೇನೂ ಇಲ್ಲ ಎಂದರು. ಮೊದಲು ತುಟಿ, ವರ್ಷ ತುಂಬುವ ಹೊತ್ತಿಗೆ ಅಂಗುಳ. ತುಟಿಯ ಆಪರೇಷನ್ ಮೂರು ತಿಂಗಳು ದಾಟಿದ ಮೇಲೆ ಮಾಡಬಹುದು, ಆದರೆ ಕೂಸು ಐದು ಕಿಲೋ ತೂಗಬೇಕು, ಮೈಯಲ್ಲಿ ರಕ್ತ ಸರಿಯಾಗಿರಬೇಕು. ಇಲ್ಲದಿದ್ದರೆ ಮುಂದಕ್ಕೆ ಹೋಗುತ್ತದೆ. ಎರಡು ಕಿಲೋ ನಾನೂರಿನಿಂದ ಐದಕ್ಕೆ. ಗಣಿತದ ಟೀಚರಿಗೆ ಅಂದಿನಿಂದ ತಲೆಯಲ್ಲಿ ಇದ್ದದ್ದು ಅದೊಂದೇ ಸಂಖ್ಯೆ.

ಅಲ್ಲಿದ್ದ ವಯಸ್ಸಾದ ಸಿಸ್ಟರೊಬ್ಬರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೈಪಂಪಿನಿಂದ ಹಾಲು ತೆಗೆಯುವುದನ್ನು ಕಲಿಸಿದರು. ನಮ್ಮ ಒಳಲೆಯನ್ನು ನೋಡಿ ಇದಕ್ಕಿಂತ ಒಳ್ಳೆಯದು ಬೇಕಾಗಿಲ್ಲ, ದಿನಾ ಕುದಿಸಿ ತೊಳೆಯಿರಿ ಸಾಕು ಎಂದರು. ಕೂಸನ್ನು ಮಲಗಿಸದೆ ನೆಟ್ಟಗೆ ಕೂರಿಸಿ ಸ್ವಲ್ಪ ಸ್ವಲ್ಪವೇ ಕೆನ್ನೆಯ ಕಡೆ ಹಾಕಬೇಕೆಂದು ಮಾಡಿ ತೋರಿಸಿದರು. ಕೆಲಸಕ್ಕೆ ಹೋಗುವ ದಿನಗಳಿಗೂ ದಾರಿ ಹೇಳಿಕೊಟ್ಟರು. ಬಿಗಿ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿಗಳಲ್ಲಿ, ಒಂದೊಂದರಲ್ಲಿ ಒಂದೇ ಹೊತ್ತಿಗಾಗುವಷ್ಟು ಹಾಲು ಹಾಕಿ ಫ್ರಿಜ್ಜಿನ ಒಳಮೂಲೆಯಲ್ಲಿ ಇಡಬೇಕು, ಬಾಗಿಲಲ್ಲಿ ಬೇಡ. ನಮ್ಮ ಸೆಕೆಯಲ್ಲಿ ಹೊರಗೆ ಹೆಚ್ಚು ಹೊತ್ತು ಬಿಡಬಾರದು. ಕೊಡುವಾಗ ಡಬ್ಬಿಯನ್ನು ಬೆಚ್ಚನೆಯ ನೀರಿನ ಬಟ್ಟಲಲ್ಲಿ ಇಟ್ಟರೆ ಸಾಕು, ಒಲೆಯ ಮೇಲೆ ಮಾತ್ರ ಇಡಬಾರದು. ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಷ್ಟರಲ್ಲಿ ಹಾಲು ಕುಡಿದ ಕೂಸನ್ನು ಎತ್ತಿಕೊಂಡು ಅತ್ತೆ ಹೊರಗೆ ಓಡಾಡುತ್ತಿದ್ದರು. ಆ ಮಾತುಗಳನ್ನು ಅವರೂ ಕೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಒಂದು ತಿಂಗಳಲ್ಲಿ ಕೂಸು ಮೂರು ಕಿಲೋ ದಾಟಿತು. ಎರಡು ತಿಂಗಳಿಗೆ ಮೂರು ಕಿಲೋ ಏಳುನೂರು. ಅಷ್ಟರಲ್ಲಿ ನನ್ನ ರಜೆ ಮುಗಿಯಿತು. ಖಾಸಗಿ ಶಾಲೆ, ಅವರು ಕೊಟ್ಟದ್ದೇ ಅಷ್ಟು. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಸಂಜೆ ಐದಕ್ಕೆ ವಾಪಸು. ನಡುವಿನ ಹೊತ್ತಿಗೆಲ್ಲ ಅತ್ತೆಯೇ ಹಾಲು ಹಾಕಬೇಕು. ನನ್ನ ಗಂಡ ಬಸವರಾಜ ಆ ಹೊತ್ತಿನಲ್ಲಿ ಖಾನಾವಳಿ ಬಿಟ್ಟು ಬರುವಂತಿಲ್ಲ.

ನಾನು ತಯಾರಿ ಮಾಡಿಕೊಂಡೆ. ಒಂದೊಂದು ಡಬ್ಬಿಗೂ ಬಿಳಿ ಪಟ್ಟಿ ಅಂಟಿಸಿ, ಬೋರ್ಡಿನ ಮೇಲೆ ಬರೆಯುವ ನನ್ನ ದುಂಡನೆಯ ಅಕ್ಷರದಲ್ಲಿ ತಾರೀಖು, ಹೊತ್ತು, ಎಷ್ಟು ಹಾಲು ಎಂದೆಲ್ಲ ಬರೆದೆ. ಯಾವುದನ್ನು ಮೊದಲು ತೆಗೆಯಬೇಕು ಎಂಬ ಚಾರ್ಟನ್ನು ಫ್ರಿಜ್ಜಿನ ಬಾಗಿಲಿಗೆ ಹಚ್ಚಿದೆ. ಬಸ್ಸಿಗೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟುತ್ತಲೇ ಹತ್ತು ನಿಮಿಷದಲ್ಲಿ ಎಲ್ಲ ಒದರಿ, ಗೊತ್ತಾಯಿತಲ್ಲವೇ ಎಂದು ಕೇಳಿದೆ. ಅತ್ತೆ ಗೊತ್ತಾಯಿತು ಎಂದರು. ತರಗತಿಯಲ್ಲಿ ಹಿಂದಿನ ಬೆಂಚಿನವರು ಗೊತ್ತಾಯಿತು ಮಿಸ್ ಅಂದರೆ ಎಬ್ಬಿಸಿ ನಿಲ್ಲಿಸಿ ಲೆಕ್ಕ ಮಾಡಿಸುವವಳು ನಾನು. ಅಂದು ಮಾಡಿಸಿ ನೋಡಲಿಲ್ಲ. ನಮ್ಮತ್ತೆಗೆ ಹೆಸರು ಬರೆಯಲು ಬರುತ್ತದೆ, ಓದಲು ಬರುವುದಿಲ್ಲ. ಮದುವೆಯಾಗಿ ಐದು ವರ್ಷ ಆ ಮನೆಯಲ್ಲಿ ಉಂಡವಳಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನೆನಪಾಗಲಿಲ್ಲ.

ಮೂರನೆಯ ದಿನ ಸಂಜೆ ಮನೆಗೆ ಬಂದು ಕೈ ತೊಳೆದು ಫ್ರಿಜ್ಜು ತೆರೆದೆ. ಮಾರನೆಯ ದಿನಕ್ಕೆಂದು ಕೂಡಿಸಿಟ್ಟಿದ್ದ ಆರು ಡಬ್ಬಿಗಳೂ ಇರಲಿಲ್ಲ. ಬಚ್ಚಲ ಪಕ್ಕದಲ್ಲಿ ತೊಳೆದು ಬೋರಲು ಹಾಕಿದ್ದವು. ನಾನು ಬರೆದ ಪಟ್ಟಿಗಳೆಲ್ಲ ಕಿತ್ತುಹೋಗಿದ್ದವು. ಹಾಲೆಲ್ಲಿ ಎಂದು ಕೇಳಿದೆ. ಅತ್ತೆ ಅಡುಗೆಮನೆಯ ಗೂಡಿನಲ್ಲಿ ತಟ್ಟೆ ಮುಚ್ಚಿಟ್ಟಿದ್ದ ಒಂದು ಬಟ್ಟಲನ್ನು ತೋರಿಸಿದರು.

ನಮ್ಮ ಖಾನಾವಳಿಯಲ್ಲಿ ಹಾಲಿಗೆ ಒಂದು ಕಟ್ಟಳೆ ಇದೆ. ಬೆಳಿಗ್ಗೆ ಹಾಲು ಹೊಸ್ತಿಲು ದಾಟಿತೋ, ನೇರವಾಗಿ ಒಲೆಗೆ. ಹಸಿ ಹಾಲನ್ನು ಒಂದು ಗಳಿಗೆಯೂ ಇಡುವುದಿಲ್ಲ. ಕುದಿಸಿ ಬಳಸಿ ಮಿಕ್ಕಿದ್ದಕ್ಕೆ ಹೆಪ್ಪು. ಮೂವತ್ತು ವರ್ಷ ಊರಿಗೆಲ್ಲ ಗಟ್ಟಿ ಮೊಸರು ಬಡಿಸಿದ ಕೈ ಅದು. ಆ ಕೈ ಎರಡು ದಿನ ತಡೆದುಕೊಂಡಿತ್ತು. ಮೂರನೆಯ ದಿನ ಹಸಿ ಹಾಲು ಕೂಸಿಗೆ ಹಾಕಲು ಮನಸ್ಸು ಬಾರದೆ, ಆರೂ ಡಬ್ಬಿಯ ಹಾಲನ್ನು ಒಂದೇ ಪಾತ್ರೆಗೆ ಸುರಿದು ಕುದಿಸಿ, ಆರಿಸಿ, ಕೂಸಿಗೆ ಕುಡಿಸಿ, ಉಳಿದದ್ದು ಕೆಡಬಾರದೆಂದು ಹೆಪ್ಪು ಹಾಕಿಬಿಟ್ಟಿತ್ತು.

ತಟ್ಟೆ ಸರಿಸಿ ನೋಡಿದೆ. ಅದು ಮೊಸರೂ ಆಗಿರಲಿಲ್ಲ, ಹಾಲೂ ಉಳಿದಿರಲಿಲ್ಲ. ಎರಡು ದಿನ ಶಾಲೆಯ ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು, ಕೈ ಸೋಲುವವರೆಗೆ ಪಂಪು ಒತ್ತಿ, ಐಸಿನ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು ತಂದ ಹಾಲು.

"ನನ್ನ ಎದೀ ಹಾಲು ನಿಮ್ಮ ಖಾನಾವಳಿ ಹಾಲಲ್ಲ ಅತ್ತಿ," ಎಂದೆ. "ಇನ್ನ ಮ್ಯಾಲೆ ನನ್ನ ಡಬ್ಬಿ ಮುಟ್ಟಬ್ಯಾಡ್ರಿ."

ಅತ್ತೆ ಬಟ್ಟಲನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಜನ ತುಳಿಯುವ ಜಾಗಕ್ಕೆ ಹಾಲು ಬೀಳಬಾರದು ಎಂದು ಕರಿಬೇವಿನ ಗಿಡದ ಬುಡಕ್ಕೆ ಮೆಲ್ಲಗೆ ಸುರಿದರು. ಅಂದು ರಾತ್ರಿ ಊಟಕ್ಕೆ ನನಗೆ ತಾಟು ಹಾಕಿದರು, ತಾವು ಉಣ್ಣಲಿಲ್ಲ.

ನಾನು ನಾಲ್ಕು ದಿನ ಶಾಲೆಗೆ ಹೋಗಲಿಲ್ಲ. ಹೆಡ್ ಮೇಡಂ ಫೋನಿನಲ್ಲಿ ಹೀಗಾದರೆ ಕಷ್ಟ ಎಂದರು. ಅತ್ತೂ ಅತ್ತೂ ಹಾಲು ಕಡಿಮೆಯಾಯಿತು. ಬಸವರಾಜ ನಡುವೆ ಸಿಕ್ಕು, ಅವ್ವನಿಗೆ ಹೇಳಲೂ ಆಗದೆ ನನಗೆ ಹೇಳಲೂ ಆಗದೆ ಖಾನಾವಳಿಯಲ್ಲೇ ಹೆಚ್ಚು ಹೊತ್ತು ಕಳೆದರು. ಮುಂದಿನ ವಾರ ದಾವಣಗೆರೆಯಲ್ಲಿ ತೂಗಿದಾಗ ಕೂಸು ಕೇವಲ ಅರವತ್ತು ಗ್ರಾಂ ಏರಿತ್ತು. ಡಾಕ್ಟರು ಹೀಗೇ ಆದರೆ ಆಪರೇಷನ್ ದಿನ ಮುಂದೆ ಹಾಕಬೇಕಾಗುತ್ತದೆ ಎಂದರು.

ಆ ಸಲ ಅತ್ತೆ ಹೊರಗೆ ನಿಲ್ಲಲಿಲ್ಲ. ಸಿಸ್ಟರ್ ಕೂತಿದ್ದ ಕೋಣೆಗೆ ತಾವೇ ಹೋಗಿ ಕುರ್ಚಿ ಎಳೆದುಕೊಂಡು ಕೂತರು. ನಾನು ಬಾಗಿಲಲ್ಲೇ ನಿಂತೆ. ಹಸಿ ಹಾಲನ್ನು ಕುದಿಸದೆ ಕೂಸಿಗೆ ಹೇಗೆ ಹಾಕುವುದು, ನನಗೆ ತಿಳಿಯುವಂತೆ ಹೇಳಿ ಎಂದು ಅತ್ತೆ ನೇರವಾಗಿ ಕೇಳಿದರು. ಸಿಸ್ಟರ್ ನಗಲಿಲ್ಲ.

"ಕೂಸು ಎದಿಯಿಂದ ಕುಡಿಯೋವಾಗ ಯಾರು ಕುದಸ್ತಾರವ್ವ?" ಎಂದರು. "ಕುದಿಸಿದ್ರ ವಿಷ ಆಗಂಗಿಲ್ಲ. ಆದ್ರ ಕೂಸಿಗೆ ರೋಗ ತಡಿಯೋ ಸತ್ವ ಅದರಾಗ ಐತಿ, ಅದು ಹೋಗ್ತೈತಿ. ನಿಮ್ಮ ಕೈ ಚೊಕ್ಕ ಇರ್ಲಿ, ಡಬ್ಬಿ ಚೊಕ್ಕ ಇರ್ಲಿ. ಹಾಲಿಗೆ ಬೆಂಕಿ ಬ್ಯಾಡ."

ಅತ್ತೆ ಎಷ್ಟು ದಿನ ಇಡಬಹುದು ಎಂದು ಕೇಳಿದರು. ಫ್ರಿಜ್ಜಿನಲ್ಲಿ ನಾಲ್ಕು ದಿನದವರೆಗೆ, ಅದಕ್ಕೂ ಮೊದಲೇ ಖರ್ಚಾದರೆ ಇನ್ನೂ ಒಳ್ಳೆಯದು ಎಂದು ಉತ್ತರ ಬಂತು. ಕೂಸು ಕುಡಿದು ಒಳಲೆಯಲ್ಲಿ ಬಿಟ್ಟದ್ದನ್ನು ಮತ್ತೆ ಫ್ರಿಜ್ಜಿಗೆ ಇಡಬೇಡಿ ಎಂದೂ ಹೇಳಿದರು. ಅತ್ತೆ ಅದನ್ನು ಒಮ್ಮೆ ತಾವೇ ಹೇಳಿ ಒಪ್ಪಿಸಿದರು. ನನ್ನ ವಿದ್ಯಾರ್ಥಿಗಳು ಹಾಗೆ ಮಾಡಿದ್ದರೆ ಬೆನ್ನು ತಟ್ಟುತ್ತಿದ್ದೆ.

ವಾಪಸು ಬರುವಾಗ ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಬೇಕು. ಅತ್ತೆ ಕೂಸನ್ನು ನನ್ನ ಕೈಗೆ ಕೊಟ್ಟು ಎದುರಿನ ಅಂಗಡಿಗೆ ಹೋದರು. ಬರುವಾಗ ಕೈಯಲ್ಲಿ ಮೂರು ದಾರದ ಉಂಡೆಗಳಿದ್ದವು. ಕೆಂಪು, ಹಸಿರು, ಹಳದಿ. ಯಾಕೆ ಎಂದು ಕೇಳಿದೆ.

"ಮನಿಗೆ ನಡಿ," ಎಂದರು. ವಾರದಲ್ಲಿ ನನ್ನೊಡನೆ ಆಡಿದ ಮೊದಲ ಮಾತು ಅದು.

ಖಾನಾವಳಿಯಲ್ಲಿ ಮೊಸರಿನ ಗಡಿಗೆಗಳಿಗೆ ಸುಣ್ಣದ ಗೆರೆ ಎಳೆಯುವುದನ್ನು ನಾನು ಐದು ವರ್ಷದಿಂದ ನೋಡಿದ್ದೆ, ಯಾಕೆಂದು ಕೇಳಿರಲಿಲ್ಲ. ಬೆಳಿಗ್ಗೆ ಹೆಪ್ಪು ಹಾಕಿದ್ದಕ್ಕೆ ಒಂದು ಗೆರೆ, ಮಧ್ಯಾಹ್ನದ್ದಕ್ಕೆ ಎರಡು, ಸಂಜೆಯದ್ದಕ್ಕೆ ಮೂರು. ಬಡಿಸುವವರು ಯಾರೇ ಇರಲಿ, ಹಳೆಯದೇ ಮೊದಲು ಖರ್ಚಾಗುತ್ತದೆ. ಅದನ್ನೇ ಅತ್ತೆ ನನ್ನ ಡಬ್ಬಿಗಳಿಗೆ ತಂದರು. ಫ್ರಿಜ್ಜಿನ ತೇವದಲ್ಲಿ ಸುಣ್ಣ ನಿಲ್ಲುವುದಿಲ್ಲ, ಹಾಗಾಗಿ ದಾರ. ಇಂದು ಕೆಂಪು, ನಾಳೆ ಹಸಿರು, ನಾಡಿದ್ದು ಹಳದಿ. ಬೆಳಗಿನ ಹಾಲಿಗೆ ಒಂದು ಗಂಟು, ಮಧ್ಯಾಹ್ನದ್ದಕ್ಕೆ ಎರಡು, ಸಂಜೆಯದ್ದಕ್ಕೆ ಮೂರು. ನಾಲ್ಕನೆಯ ದಿನ ಮತ್ತೆ ಕೆಂಪು ಕಟ್ಟುವ ಮೊದಲು ಹಳೆಯ ಕೆಂಪು ಡಬ್ಬಿ ಏನಾದರೂ ಉಳಿದಿದ್ದರೆ ಅದು ಕರಿಬೇವಿಗೆ. ಸಿಸ್ಟರ್ ನಾಲ್ಕು ದಿನ ಎಂದಿದ್ದರೂ, ಕೊಟ್ಟೂರಿನ ಬೇಸಿಗೆ ಆ ಸಿಸ್ಟರಿಗೇನು ಗೊತ್ತು ಎಂದು ಅತ್ತೆ ಮೂರೇ ದಿನ ಇಟ್ಟುಕೊಂಡರು. ನನ್ನ ಚಾರ್ಟನ್ನು ನಾನೇ ಕಿತ್ತು ಬಿಸಾಡಿದೆ. ಅದಕ್ಕಿಂತ ಇದು ಒಳ್ಳೆಯ ಗಣಿತ.

ಆಮೇಲೆ ಶುರುವಾಯಿತು ಅತ್ತೆಯ ಆಡಳಿತ. ಬಸವರಾಜರ ಸೋಡಾ ಬಾಟಲಿಗಳು, ನೆನ್ನೆಯ ಪಲ್ಯ, ಪಕ್ಕದ ಮನೆಯವರು ಇಡುತ್ತಿದ್ದ ದೋಸೆ ಹಿಟ್ಟು ಎಲ್ಲಕ್ಕೂ ಫ್ರಿಜ್ಜಿನಿಂದ ಗಡಿಪಾರು. ಸೋಪು ಹಚ್ಚಿ ಕೈ ತೊಳೆಯದೆ ಬಾಗಿಲಿಗೆ ಕೈ ಹಾಕಿದರೆ ಮಗನೂ ಅಷ್ಟೇ, ನಾನೂ ಅಷ್ಟೇ, ಬೈಗುಳ ಗ್ಯಾರಂಟಿ. ಒಂದು ಸಲ ಡಬ್ಬಿಯ ಹಾಲಿನ ಮೇಲೆ ಕೆನೆ ಬೇರೆಯಾಗಿ ನಿಂತದ್ದನ್ನು ನೋಡಿ ಕೆಟ್ಟಿತೇನೋ ಎಂದು ನಾನು ಗಾಬರಿಯಾದೆ. ಅತ್ತೆ ಮೂಸಿ ನೋಡಿ, ಮೆಲ್ಲಗೆ ಡಬ್ಬಿಯನ್ನು ಆಡಿಸಿ ಬೆರೆಸಿದರು.

"ಕೆನಿ ಅದು. ಗಟ್ಟಿ ಹಾಲು ಐತಿ ನಿಂದು," ಎಂದರು.

ಹಾಲಿನ ವಿಷಯದಲ್ಲಿ ನಮ್ಮತ್ತೆ ಯಾರನ್ನೂ ಹೊಗಳಿದ್ದನ್ನು ನಾನು ಕೇಳಿಲ್ಲ. ಆ ದಿನವೆಲ್ಲ ತರಗತಿಯಲ್ಲಿ ಯಾರನ್ನೂ ಬೈಯಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಬಿರುಗಾಳಿಗೆ ಕಂಬ ಬಿದ್ದು ಓಣಿಗೆಲ್ಲ ಕರೆಂಟು ಹೋಯಿತು. ನಾನು ಶಾಲೆಯಲ್ಲಿದ್ದೆ. ಸಂಜೆಯವರೆಗೂ ಬರುವುದಿಲ್ಲವಂತೆ ಎಂದು ಬಸವರಾಜ ಫೋನು ಮಾಡಿದಾಗ ಕೈಯಲ್ಲಿದ್ದ ಚಾಕ್‌ಪೀಸು ಕೆಳಗೆ ಬಿತ್ತು. ಫ್ರಿಜ್ಜಿನೊಳಗೆ ಎಂಟು ಡಬ್ಬಿ ಇದ್ದವು. ಅತ್ತೆಗೆ ಫೋನು ಕೊಡಿ ಎಂದೆ. ಅತ್ತೆ ನನ್ನ ಮಾತನ್ನು ಪೂರ್ತಿ ಕೇಳಲೂ ಇಲ್ಲ. ಫ್ರಿಜ್ಜಿನ ಹಿಡಿಕೆಗೆ ಟವೆಲ್ಲು ಬಿಗಿದು ಯಾರೂ ತೆಗೆಯದಂತೆ ಕಟ್ಟಿಯಾಗಿತ್ತು. ಹಡಗಲಿಯಿಂದ ಅಣ್ಣ ಮಲ್ಲಿಗೆ ಕಳಿಸುವ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ಬಾಣಂತನದಲ್ಲೇ ಕೊಟ್ಟು ಹೋಗಿದ್ದ. ಅದನ್ನು ತೊಳೆದು, ಬಸ್ ಸ್ಟ್ಯಾಂಡಿನ ಹೂವಿನವರಿಂದ ಐಸು ತರಲು ಮಗನನ್ನು ಓಡಿಸಿಯೂ ಆಗಿತ್ತು. ಐಸು ಬಂದ ಮೇಲೆ ಒಂದೇ ಸಲ ಬಾಗಿಲು ತೆಗೆದು ಡಬ್ಬಿಗಳನ್ನೆಲ್ಲ ಪೆಟ್ಟಿಗೆಗೆ ಇಳಿಸಿದರು. ಒಂದು ಹನಿ ಕೆಡಲಿಲ್ಲ. ಮಲ್ಲಿಗೆ ವಾಸನೆ ಬಾಣಂತಿಗೆ ಬಂದರೆ ಹಾಲು ಬತ್ತುತ್ತದೆ ಎಂದು ಅತ್ತೆ ಆ ಪೆಟ್ಟಿಗೆಯನ್ನು ಅಲ್ಲಿಯವರೆಗೆ ನನ್ನ ಕೋಣೆಯ ಹತ್ತಿರ ಬಿಟ್ಟಿರಲಿಲ್ಲ. ಅಂದು ಅದೂ ಮಾಫಿ ಆಯಿತು.

ಇಷ್ಟಾದರೂ ಅತ್ತೆ ಮನೆಯಲ್ಲಿ ಕೂಸನ್ನು ತೂಗಲು ಬಿಡಲಿಲ್ಲ. ಖಾನಾವಳಿಯ ತಕ್ಕಡಿಯಲ್ಲಿ ಒಮ್ಮೆ ನೋಡೋಣ ಎಂದು ನಾನು ಎಷ್ಟು ಗೋಗರೆದರೂ, ಕೂಸನ್ನು ತೂಗಿದರೆ ದೃಷ್ಟಿ ಎಂದರು. ಆಸ್ಪತ್ರೆಯಲ್ಲಿ ತೂಗುವಾಗಲೂ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ನಾಲ್ಕು ತಿಂಗಳು ತುಂಬಿದ ಮೇಲೆ ಹೋದಾಗಲೂ ಹಾಗೇ ಕಿಟಕಿ ನೋಡುತ್ತ ನಿಂತಿದ್ದರು. ಮುಳ್ಳಿಲ್ಲದ ತಕ್ಕಡಿ ಅದು, ಕೆಂಪು ಅಂಕಿ ಮೂಡುತ್ತದೆ. ಐದು ಎಂಬ ಅಂಕಿ ಮೂಡಿ, ಚುಕ್ಕೆಯ ಆಚೆ ಒಂದೂ ಸೇರಿಕೊಂಡಿತು. ನಾನು ಅಂಕಿಯನ್ನು ಎರಡು ಸಲ ಓದಿದೆ.

"ಎಷ್ಟಾತು?" ಎಂದರು ಅತ್ತೆ, ಕಿಟಕಿ ಕಡೆಗೇ ನೋಡುತ್ತ.

"ಐದು ದಾಟೇತ್ರಿ ಅತ್ತಿ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕೂಸಿನ ಹಣೆಗೆ ಲಟಿಕೆ ಮುರಿದು ದೃಷ್ಟಿ ತೆಗೆದರು.

ಆಪರೇಷನ್ ದಿನ ಬೆಳಿಗ್ಗೆ ಐದಕ್ಕೆ ಕೊನೆಯ ಸಲ ಹಾಲು ಹಾಕಿ, ಆಮೇಲೆ ಏನೂ ಕೊಡಬಾರದು ಎಂದಿದ್ದರು. ಹಸಿದು ಅಳುವ ಕೂಸನ್ನು ಎದೆ ತುಂಬ ಹಾಲಿಟ್ಟುಕೊಂಡು ಎತ್ತಿಕೊಂಡು ತಿರುಗುವುದಿದೆಯಲ್ಲ, ಆ ನಾಲ್ಕು ತಾಸು ನನಗೆ ಹೆರಿಗೆಗಿಂತ ಕಷ್ಟವಾಯಿತು. ಒಂಬತ್ತಕ್ಕೆ ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ಬಸವರಾಜ ಬಾಗಿಲ ಬಳಿಯೇ ನಿಂತರು. ನಾನೂ ಅತ್ತೆಯೂ ಕಾಯುವ ಕೋಣೆಯ ಬೆಂಚಿನಲ್ಲಿ ಕೂತೆವು. ಅಣ್ಣನ ಥರ್ಮಾಕೋಲ್ ಪೆಟ್ಟಿಗೆ ಅತ್ತೆಯ ಕಾಲ ಬಳಿ ಇತ್ತು.

ನಮ್ಮ ಎದುರಿನ ಬೆಂಚಿನಲ್ಲಿ ಉಚ್ಚಂಗಿದುರ್ಗದ ಕಡೆಯ ಒಬ್ಬ ಹುಡುಗಿ ಕೂತಿದ್ದಳು. ಮಡಿಲಲ್ಲಿ ಇಪ್ಪತ್ತು ದಿನದ ಕೂಸು, ಮುಖಕ್ಕೆ ಸೆರಗು. ಪಕ್ಕದಲ್ಲಿ ಅವಳ ಅತ್ತೆ. ಆ ಹುಡುಗಿ ಆಗಷ್ಟೇ ಸಿಸ್ಟರ್ ಕೋಣೆಯಿಂದ ಬಂದಿದ್ದಳು, ಕಣ್ಣು ಕೆಂಪಾಗಿದ್ದವು. ಹಾಲು ತೆಗೆದು ಫ್ರಿಜ್ಜಿನಲ್ಲಿ ಇಡುವುದಂತೆ, ಹಾಗೇ ಕೊಡುವುದಂತೆ, ತಂಗಳ ಹಾಲನ್ನು ಯಾರಾದರೂ ಹಸುಗೂಸಿಗೆ ಹಾಕುತ್ತಾರೆಯೇ ಎಂದು ಅವಳ ಅತ್ತೆ ಗೊಣಗುತ್ತಿದ್ದರು. ಮನೆಗೆ ಹೋಗಿ ಕುದಿಸಿಯೇ ಹಾಕುವುದು ಎಂದು ತೀರ್ಮಾನವನ್ನೂ ಹೇಳಿಬಿಟ್ಟರು. ಹುಡುಗಿ ತಲೆ ತಗ್ಗಿಸಿದಳು.

ನನ್ನ ಬಾಯಿ ತುರಿಸಿತು. ಅಷ್ಟರಲ್ಲಿ ನಮ್ಮತ್ತೆ ಎದ್ದು ಹೋಗಿ ಆ ಹೆಂಗಸಿನ ಪಕ್ಕ ಕೂತರು.

"ಕುದಸಬ್ಯಾಡ್ರಿ," ಎಂದರು. "ನಾ ಕುದಿಸಿದ್ದೆ. ಆರು ಡಬ್ಬಿ. ಕುದಿಸಿ ಹೆಪ್ಪ ಹಾಕಿದ್ದೆ."

ಆ ಹೆಂಗಸು ಗೊಣಗುವುದನ್ನು ನಿಲ್ಲಿಸಿ ಅತ್ತೆಯ ಕಡೆ ತಿರುಗಿದರು.

"ನಮ್ಮ ಹುಡುಗಿ ಸಾಲ್ಯಾಗ ದಿನಾ ನಿಂತು ಪಾಠ ಹೇಳಿ, ನಡುನಡುವ ಹಿಂಡಿ, ಬಸ್ಸಿನ್ಯಾಗ ಹೊತ್ಕೊಂಡು ಬರ್ತಿದ್ಲು. ನಾ ತಿಳೀದ ಹಾಳ ಮಾಡಿದೆ. ಕೂಸಿನ ತೂಕ ನಿಂತಿತ್ತು. ನಂದ ತಪ್ಪು ಅದು. ಅಕೀಗೆ ಇವತ್ತಿನ ತನಕ ಹೇಳಿಲ್ಲ."

ನಾನು ಎರಡು ಮಾರು ದೂರದಲ್ಲಿ ಕೂತಿದ್ದೆ. ಅತ್ತೆ ನನ್ನ ಕಡೆ ತಿರುಗಲಿಲ್ಲ. ಆ ಹುಡುಗಿ ನನ್ನನ್ನು ನೋಡುತ್ತಿದ್ದಳು, ನನಗೆ ಅವಳ ಮುಖ ಕಾಣದಷ್ಟು ಕಣ್ಣು ತುಂಬಿದ್ದವು. ನನ್ನ ಡಬ್ಬಿ ಮುಟ್ಟಬ್ಯಾಡ್ರಿ ಎಂದು ನಾನು ಅಂದದ್ದಕ್ಕೂ ಇವತ್ತಿನ ತನಕ ಏನೂ ಹೇಳಿರಲಿಲ್ಲವಲ್ಲ ಎಂದು ಆಗ ಹೊಳೆಯಿತು. ಎದ್ದು ಹೋಗಿ ಅತ್ತೆಯ ಇನ್ನೊಂದು ಪಕ್ಕ ಕೂತೆ. ತಪ್ಪು ನನ್ನದೂ ಇತ್ತು, ಓದಲು ಬರದವರಿಗೆ ಬರೆದುಕೊಟ್ಟು ಹೋಗಿದ್ದೆ ಎಂದು ಆ ಹೆಂಗಸಿಗೇ ಹೇಳಿದೆ. ಅತ್ತೆ ಪೆಟ್ಟಿಗೆ ತೆರೆದು ಅವರಿಗೆ ದಾರ ಕಟ್ಟಿದ ಡಬ್ಬಿಗಳನ್ನು ತೋರಿಸತೊಡಗಿದರು. ಹುಡುಗಿ ಕೂಸಿನ ಮುಖದ ಮೇಲಿನ ಸೆರಗು ತೆಗೆದು ನೋಡಲು ಬಗ್ಗಿದಳು.

ಹನ್ನೊಂದಕ್ಕೆ ನಮ್ಮನ್ನು ಕರೆದರು. ದಾನುವಿನ ಮುಖ ಊದಿತ್ತು, ತುಟಿಯ ಮೇಲೆ ಸಣ್ಣ ಹೊಲಿಗೆಗಳು. ಬಾಗಿಲಲ್ಲಿ ನಿಂತು ನೋಡಿದಾಗ ಬೇರೆ ಯಾರದೋ ಕೂಸು ಅನಿಸಿತು. ಅವಳ ಅಗಲ ನಗು ನನಗೆ ರೂಢಿಯಾಗಿ ಹೋಗಿತ್ತು, ಅದು ಹೋಯಿತಲ್ಲ ಎಂದು ಒಂದು ಗಳಿಗೆ ಸಂಕಟವೇ ಆಯಿತು. ಆಮೇಲೆ ಅವಳು ಅತ್ತಳು, ಅದೇ ದನಿ. ನನ್ನ ಮಗಳೇ.

ಪೂರ್ತಿ ಎಚ್ಚರಾದ ಮೇಲೆ ಸಿಸ್ಟರ್ ಬಂದು ಇನ್ನು ಹಾಲು ಹಾಕಬಹುದು, ಹೊಲಿಗೆಗೆ ತಾಗದಂತೆ ಸ್ವಲ್ಪ ಸ್ವಲ್ಪ ಹಾಕಿ ಎಂದರು. ಕೂಸನ್ನು ನೆಟ್ಟಗೆ ಕೂರಿಸಿಕೊಳ್ಳುವುದಷ್ಟೇ ನನ್ನ ಪಾಲಿಗೆ ಬಂತು. ಅತ್ತೆ ಪೆಟ್ಟಿಗೆಯಲ್ಲಿ ಕೈಯಾಡಿಸಿ ಹಸಿರು ದಾರದ ಒಂದು ಗಂಟಿನ ಡಬ್ಬಿಯನ್ನು ಹುಡುಕಿ ತೆಗೆದು, ಬೆಚ್ಚನೆಯ ನೀರಿನಲ್ಲಿಟ್ಟು, ಮುಂಗೈ ಮೇಲೆ ಒಂದು ಹನಿ ಹಾಕಿ ನೋಡಿದರು. ಒಂದು ಕೈಯಲ್ಲಿ ಒಳಲೆ, ಇನ್ನೊಂದು ಕೈಯಲ್ಲಿ ಗದ್ದದ ಕೆಳಗೆ ಆ ಹಳೇ ಸೀರೆಯ ತುಂಡು.

ದಾನು ಮೊದಲ ಗುಟುಕಿಗೆ ಮುಖ ಕಿವುಚಿದಳು. ಎರಡನೆಯದಕ್ಕೆ ತುಟಿ ಮುಚ್ಚಿತು. ಹುಟ್ಟಿ ನಾಲ್ಕು ತಿಂಗಳಲ್ಲಿ ಅವಳ ತುಟಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೂಗಿನಿಂದ ಎರಡು ಹನಿ ಬಂದದ್ದನ್ನು ಅತ್ತೆ ಬೆರಳಿನಿಂದಲೇ ಒರೆಸಿದರು. ಡಬ್ಬಿ ಖಾಲಿಯಾಯಿತು.

ಆಮೇಲೆ ಅತ್ತೆ ಆ ಬಟ್ಟೆಯನ್ನು ಎಂದಿನಂತೆ ಮುಟ್ಟಿ ನೋಡಿದರು. ಮಡಿಕೆ ಬಿಚ್ಚಿ ಇನ್ನೊಮ್ಮೆ ಮುಟ್ಟಿದರು. ಆಮೇಲೆ ನನ್ನ ಕೈ ಹಿಡಿದು ಅದರ ಮೇಲೆ ಇಟ್ಟರು.

"ಒಣಾ ಐತಿ ನೋಡು," ಎಂದರು.